ಬೈ-ಟು ಕಾಫಿಯ ಇನ್ನರ್ಧ

"ಇನ್ನೊಬ್ರು ಬರ್ತಾರಾ ಮೇಡಂ?"

ಗಾಂಧಿ ಬಜಾರಿನ ದರ್ಶಿನಿಯಲ್ಲಿ ನನ್ನೆದುರು ನಿಂತು ಇಡ್ಲಿ ತಿನ್ನುತ್ತಿದ್ದ ಹಿರಿಯರು ಕೇಳಿದರು. ನನ್ನ ಮುಂದೆ ಬೈ-ಟು ಕಾಫಿಯ ಎರಡು ಲೋಟಗಳಿದ್ದವು. ನಾನು ಒಬ್ಬಳೇ ಇದ್ದೆ.

ಎರಡೂ ನನ್ನವೇ. ಫಿಟ್ಸ್‌ಗೆಂದು ತೆಗೆದುಕೊಳ್ಳುವ ಮಾತ್ರೆಯಿಂದ ನನ್ನ ಕೈ ನಡುಗುತ್ತದೆ. ತುಂಬಿದ ಲೋಟ ಎತ್ತಿದರೆ ಸೀರೆಯ ಮೇಲೆ ಚೆಲ್ಲುತ್ತದೆ. ಡಾಕ್ಟರು ಡೋಸ್ ನಿಧಾನವಾಗಿ ಇಳಿಸುತ್ತಿದ್ದಾರೆ. ನೀವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಎಂದು ಎಚ್ಚರಿಸಿದ್ದಾರೆ. ನಡುಕ ನಿಲ್ಲುವವರೆಗೆ ನನಗೆ ಬೈ-ಟುವೇ ಗತಿ. ಆಫೀಸಿನವರ ಜೊತೆ ಕಾಫಿಗೆ ಹೋಗುವುದನ್ನು ಬಿಟ್ಟಿದ್ದೇನೆ. ನನ್ನ ಕೈ ನೋಡಿ ಅವರ ಮಾತು ನಿಂತುಹೋಗುತ್ತದೆ. ಆ ಮರುಕ ನನಗೆ ಬೇಡ.

ಇಷ್ಟನ್ನೆಲ್ಲ ಅಪರಿಚಿತರಿಗೆ ಹೇಳುವುದು ಹೇಗೆ? ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು "ಬರ್ತಾರೆ" ಎಂದುಬಿಟ್ಟೆ.

ಅವರು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬರುವವರಿಗೆಂದು ಜಾಗ ಮಾಡಿದರು. ತಿನ್ನುತ್ತಲೇ ಆಗಾಗ ರಸ್ತೆಯ ಕಡೆ ನೋಡಿದರು. ನಾನೂ ನೋಡಿದೆ. ಆಮೇಲೆ ಕೈ ತೊಳೆದು ಬಂದವರು ಕೌಂಟರಿನಿಂದ ಒಂದು ಪುಟ್ಟ ತಟ್ಟೆ ತಂದು ಎರಡನೆಯ ಲೋಟದ ಮೇಲೆ ಮುಚ್ಚಿದರು.

"ಆರೋಗತ್ತೆ. ಬೇಗ ಬನ್ನಿ ಅಂತ ಒಂದು ಫೋನ್ ಮಾಡಿ" ಎಂದು ಹೇಳಿ ಹೊರಟುಹೋದರು.

ನಾನು ತಟ್ಟೆ ತೆಗೆಯುವಾಗ ಅದು ಲೋಟಕ್ಕೆ ಬಡಿದು ಕಟಕಟ ಎಂದಿತು. ಕಾಫಿ ಇನ್ನೂ ಉಗುರುಬೆಚ್ಚಗಿತ್ತು. ಈಗಲೂ ಅಲ್ಲಿಗೆ ಹೋದಾಗ, ಎರಡನೆಯ ಲೋಟ ಎತ್ತುವ ಮುನ್ನ ಒಮ್ಮೆ ರಸ್ತೆಯ ಕಡೆ ನೋಡುತ್ತೇನೆ.