ಮಸಿ ಬಳಿದ ಹಾಸ್ಯಗಾರ

ಮರುಬಿಡುಗಡೆಯಾದ ಹಳೆಯ ಸಿನಿಮಾವೊಂದನ್ನು ವಡೋದರಾದ ನಮ್ಮ ಕನ್ನಡ ಸಂಘದವರು ಮಂಜಲ್‌ಪುರದ ನನ್ನ ಹೋಟೆಲಿನ ಹಾಲ್‌ನಲ್ಲಿ ತೋರಿಸುವುದೆಂದಾಯಿತು. ತೊಡಕು ಒಂದೇ. ಅದರಲ್ಲಿ ಹಾಸ್ಯನಟ ಮುಖಕ್ಕೆ ಮಸಿ ಬಳಿದುಕೊಂಡು ಆಫ್ರಿಕಾದವನಾಗಿ ಕುಣಿಯುತ್ತಾನೆ. ನಮ್ಮ ಸದಸ್ಯೆ, ಓಟದ ಕೋಚ್ ಲೂಸಿಯಕ್ಕ ಯಲ್ಲಾಪುರದ ಸಿದ್ದಿ ಸಮುದಾಯದವರು. ಅವರ ಪೂರ್ವಿಕರು ಆಫ್ರಿಕಾದವರು.

“ಆ ಸೀನ್ ಕತ್ತರಿಸೋಣ, ಅವರಿಗೆ ಹೇಳೋದೇ ಬೇಡ” ಎಂದರು ಅಧ್ಯಕ್ಷರು.

ಗಿರಾಕಿಯನ್ನು ಕೇಳದೆ ಉಪ್ಪು ಕಡಿಮೆ ಮಾಡುವವನಲ್ಲ ನಾನು. ಲೂಸಿಯಕ್ಕನಿಗೆ ಫೋನ್ ಮಾಡಿದೆ.

“ಕತ್ತರಿಸಬೇಡಿ, ತೋರಿಸಿ. ನಾನು ಪರದೆಗೆ ಬೆನ್ನು ಹಾಕಿ ಕೂತು, ಯಾರು ನಗ್ತಾರೆ ನೋಡ್ತೇನೆ.”

ಹಾಗೇ ಕೂತರು. ದೃಶ್ಯ ಬಂದಾಗ ಹಾಲ್ ಗಪ್‌ಚಿಪ್. ಅಧ್ಯಕ್ಷರು ಮಾತ್ರ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದರು.

“ನೀರು ಕುಡೀರಿ ಅಧ್ಯಕ್ಷರೇ” ಎಂದರು ಲೂಸಿಯಕ್ಕ. ಆಗ ಹಾಲೆಲ್ಲ ನಕ್ಕಿತು.

ಸ್ಟುಡಿಯೋದವರು ಸಿನಿಮಾದ ಮೊದಲಿಗೇ ಈ ದೃಶ್ಯದ ಬಗ್ಗೆ ಎಚ್ಚರಿಕೆಯ ಮಾತು ಹಾಕಿದ್ದರಂತೆ. ಅದು ಪರದೆಯ ಮೇಲೆ ಬಂದ ಹೊತ್ತಿಗೆ ಎಲ್ಲರೂ ನನ್ನ ಕೌಂಟರಿನಲ್ಲಿ ಕಾಫಿಗೆ ನಿಂತಿದ್ದರು.