ಎತ್ತಿ ಕುಡಿಯುವ ನೀರು

ಲಕ್ವ ಹೊಡೆದ ಮೇಲೆ ನಮ್ಮ ಅತ್ತೆಗೆ ನುಂಗುವುದೇ ಕಷ್ಟವಾಗಿತ್ತು. ನೀರು ಶ್ವಾಸಕೋಶಕ್ಕೆ ಇಳಿದು ಒಮ್ಮೆ ನ್ಯುಮೋನಿಯಾ ಆಗಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ದಿಲ್ಲಿಯ ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳಲೇ ಇಲ್ಲ.

ನೇರ ಕೂರಿಸಿ, ಗದ್ದವನ್ನು ಎದೆಯತ್ತ ತಗ್ಗಿಸಿ, ಲೋಟಕ್ಕೆ ತುಟಿಯಿಟ್ಟು ಗುಟುಕು ಗುಟುಕಾಗಿ ಕುಡಿಸಬೇಕಿತ್ತು. ಊಟವಾದ ಕೂಡಲೇ ಮಲಗಿಸುವಂತಿರಲಿಲ್ಲ. ಅನ್ನ ನುಣ್ಣಗೆ ಮಿದ್ದು ಕೊಟ್ಟರೆ ತಿನ್ನುತ್ತಿದ್ದರು, ಬಾಯಿ ತೊಳೆಸಿದರೆ ತೊಳೆಸಿಕೊಳ್ಳುತ್ತಿದ್ದರು. ನೀರಿನ ವಿಷಯದಲ್ಲಿ ಮಾತ್ರ ಊಹೂಂ! ಎಪ್ಪತ್ತು ವರ್ಷ ಲೋಟ ಎತ್ತಿಯೇ ಕುಡಿದವರು. ತುಟಿಗೆ ತಾಗಿದರೆ ಎಂಜಲಲ್ಲವೇ? ತಲೆ ಹಿಂದಕ್ಕೆ ಚೆಲ್ಲಿ ಗಂಟಲಿಗೇ ಸುರಿದುಕೊಂಡು ಕೆಮ್ಮುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಗೊಣಗುತ್ತಿದ್ದೆ.

ಆರ್.ಕೆ.ಪುರಂನ ಕ್ವಾರ್ಟರ್ಸಿನಿಂದ ಆಫೀಸಿಗೆ ಹೊರಟರೂ ನನ್ನ ಕಿವಿ ಮನೆಯಲ್ಲೇ ಇರುತ್ತಿತ್ತು. ಬಸ್ಸಿನಲ್ಲಿ ಯಾರೋ ಕೆಮ್ಮಿದರೆ ತಟ್ಟನೆ ತಿರುಗಿ ನೋಡುತ್ತಿದ್ದೆ. ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ. ಆಫೀಸಿನ ಫೋನಿನಿಂದ ಗಂಟೆಗೊಮ್ಮೆ ಮನೆಗೆ ಮಾಡುತ್ತಿದ್ದೆ. ಅತ್ತೆ ಎತ್ತಿ, "ಸತ್ತಿಲ್ಲ ಕಣೇ, ಕೆಲಸ ನೋಡ್ಕೋ," ಎಂದು ತೊದಲಿ ಇಟ್ಟುಬಿಡುತ್ತಿದ್ದರು. ಐದು ನಿಮಿಷ ಸಮಾಧಾನ, ಮತ್ತೆ ಅದೇ ಚಡಪಡಿಕೆ.

ಒಂದು ಭಾನುವಾರ ಮಧ್ಯಾಹ್ನ ಅವರು ಮತ್ತೆ ಲೋಟ ಎತ್ತಿದರು. ನನಗೆ ತಲೆ ಕೆಟ್ಟುಹೋಯಿತು. ಕೈಯಿಂದ ಕಿತ್ತುಕೊಂಡೆ.

"ಯಾವ ಸೀಮೆ ಮಡಿ ಅತ್ತೆ ಇದು? ಎಂಜಲಾದ್ರೆ ಆಗ್ಲಿ! ಈ ಲೋಟ ನಿಮಗೇ ಅಂತ ಬೇರೆ ಇಟ್ಟಿದ್ದೀನಲ್ಲ? ಇನ್ನೊಂದ್ಸಲ ಆಸ್ಪತ್ರೆಗೆ ಹೋದ್ರೆ ನೀವು ವಾಪಸ್ ಬರಲ್ಲ, ಗೊತ್ತಾ?"

ಬಾಯಿ ತಪ್ಪಿ ಆಡಿಬಿಟ್ಟಿದ್ದೆ. ಅತ್ತೆ ಬೆಚ್ಚಲಿಲ್ಲ.

"ಗೊತ್ತು," ಎಂದರು. ಆಮೇಲೆ ಒಂದೊಂದೇ ಪದ ಕೂಡಿಸಿ, "ಮಡಿಯೂ ಇಲ್ಲ, ಮಣ್ಣೂ ಇಲ್ಲ. ತುಟಿ ಇಟ್ರೆ ಈ ಕಡೆಯಿಂದ ಸೋರುತ್ತೆ. ಮಗು ಥರ ಜೊಲ್ಲು. ನೀನು ಎದುರಿಗೇ ನಿಂತು ನೋಡ್ತಿರ್ತೀಯ," ಎಂದರು.

ನನಗೆ ನಾಚಿಕೆಯಾಯಿತು. ಮೂರು ತಿಂಗಳಿಂದ ಪೊಲೀಸಿನವಳಂತೆ ಅವರ ಬಾಯನ್ನೇ ಕಾಯುತ್ತಿದ್ದೆನಲ್ಲ, ಮುಖ ನೋಡಿರಲಿಲ್ಲ.

ಅವರ ಕೊರಳಿಗೆ ಟವಲು ಸುತ್ತಿ, ಲೋಟಕ್ಕೆ ಸ್ವಲ್ಪವೇ ನೀರು ಹಾಕಿ ಕೈಗೆ ಕೊಟ್ಟೆ. ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತೆ.

"ಗದ್ದ ಕೆಳಗೆ, ಅತ್ತೆ."

ಗುಟುಕಿನ ಸದ್ದು ಕೇಳಿತು. ಕೆಮ್ಮಿಗಾಗಿ ಕಾದೆ. ಬರಲಿಲ್ಲ. ನನ್ನ ಕತ್ತು ತಾನಾಗಿಯೇ ಅವರತ್ತ ಹೊರಳತೊಡಗಿತು.

"ತಿರುಗ್ಬೇಡ್ವೇ," ಎಂದರು ಅತ್ತೆ. "ಇನ್ನೂ ಇದೆ."