ನಾಲ್ಕು ಗಂಟೆಯ ಮಿಸ್ಡ್ ಕಾಲ್

ಪ್ರಭಾಳನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಸಿಟ್ಟು. ಆಮೇಲೆ ಆ ಸಿಟ್ಟು ಸುತ್ತಿ ಬಳಸಿ ನನ್ನ ಮೇಲೇ ಬಂದು ಕೂರುತ್ತದೆ.

ನಾಗರಬಾವಿಯಲ್ಲಿ ಲಾ ಕಾಲೇಜಿನ ಹುಡುಗರು ಓಡಾಡುವ ರಸ್ತೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ, ಪಕ್ಕದ್ದು ಅವಳ ಟೈಪಿಂಗ್ ಅಂಗಡಿ. ನಡುವೆ ಒಂದು ಪ್ಲೈವುಡ್ ಗೋಡೆ. ಹದಿನೇಳು ವರ್ಷ ಅವಳು ಕಂಡವರ ಅರ್ಜಿ, ಕಂಡವರ ಪ್ರಬಂಧ, ಕಂಡವರ ಅಫಿಡವಿಟ್ಟುಗಳನ್ನು ಬಡಿದಳು. ಕೀಬೋರ್ಡಿನಿಂದ ಕೈ ತೆಗೆಯದೆ, "ಈ ವಾಕ್ಯಕ್ಕೆ ಬಾಲ ಎಲ್ಲಪ್ಪಾ?" ಎಂದು ಹುಡುಗರ ತಪ್ಪು ತಿದ್ದುವಳು. ಎಲ್ಲರಿಗೂ ಮಾಡಿಕೊಡುವವಳೇ. ಆದರೆ ತನಗಾಗಿ ಒಬ್ಬರ ಹತ್ತಿರ ಒಂದು ಲೋಟ ನೀರು ಕೇಳಿದವಳಲ್ಲ. ಅದೇ ಅವಳ ಜಂಬ, ಅದೇ ಅವಳ ರೋಗ.

ಎರಡು ಸಾವಿರದ ಏಳರಲ್ಲಿ ಒಂದು ಸರ್ಕಾರಿ ಇಲಾಖೆ ಬೆರಳಚ್ಚುಗಾರರನ್ನು ಕರೆಯಿತು. ಪ್ರಭಾಳಿಗೆ ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಹಾಕಬೇಕು, ಕೊನೆಯ ದಿನ ಸಂಜೆ ಐದರೊಳಗೆ. ಅವಳು ಮೊದಲು ಕೆಲಸಕ್ಕಿದ್ದ ವಕೀಲರು ಅನುಭವ ಪತ್ರಕ್ಕೆ ಸಹಿ ಹಾಕಿಕೊಟ್ಟದ್ದು ಆ ಕೊನೆಯ ದಿನವೇ, ಮಧ್ಯಾಹ್ನ ಎರಡಕ್ಕೆ. ಚರಂಡಿ ಅಗೆಯುವವರು ನಮ್ಮ ರಸ್ತೆಯ ಟೆಲಿಫೋನ್ ಕೇಬಲ್ ಕತ್ತರಿಸಿ ಆಗಲೇ ಮೂರು ದಿನವಾಗಿತ್ತು. ಸೈಬರ್ ಕೆಫೆ, ಬೇಕರಿಯ ಕಾಯಿನ್ ಬಾಕ್ಸ್, ನನ್ನ ಅಂಗಡಿಯ ಫೋನು, ಎಲ್ಲವೂ ಸತ್ತು ಮಲಗಿದ್ದವು.

ಉಳಿದದ್ದು ಅವಳ ಮೊಬೈಲ್. ಅದಕ್ಕೆ ಡೇಟಾ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಡಯಲ್ ಮಾಡಿದರೆ ನೆಟ್ ಬರುತ್ತಿತ್ತು, ತೆವಳಿಕೊಂಡು. ಸಿಗ್ನಲ್ ಸಿಗುವುದು ಕಿಟಕಿಯ ಬಳಿ ಮಾತ್ರ ಎಂದು ಫೋನನ್ನು ರಬ್ಬರ್ ಬ್ಯಾಂಡಿನಿಂದ ಸರಳಿಗೆ ಕಟ್ಟಿದ್ದಳು. ಯಾರಾದರೂ ಆ ನಂಬರಿಗೆ ಫೋನ್ ಮಾಡಿದರೆ ನೆಟ್ ಕಟ್ಟಾಗುತ್ತಿತ್ತು. ಫಾರಂ ನಾಲ್ಕು ಪುಟ. ಮಧ್ಯೆ ಕಟ್ಟಾದರೆ ಮತ್ತೆ ಮೊದಲನೇ ಪುಟದಿಂದ.

ಇನ್ನೊಂದು ವಿಷಯ ಹೇಳಬೇಕು. ಅವಳ ತಾಯಿ ಅಣ್ಣಮ್ಮನವರು ಕೆಂಗೇರಿಯ ಮನೆಯಲ್ಲಿ ಹಗಲೆಲ್ಲ ಒಬ್ಬರೇ. ಹಿಂದಿನ ವರ್ಷ ರಕ್ತದಲ್ಲಿ ಸಕ್ಕರೆ ಇಳಿದು ಅಡುಗೆಮನೆಯಲ್ಲಿ ಬಿದ್ದವರು, ಮಗಳು ಸಂಜೆ ಬರುವವರೆಗೂ ಅಲ್ಲೇ ಬಿದ್ದಿದ್ದರು. ಅಂದಿನಿಂದ ತಾಯಿ ಮಗಳ ನಡುವೆ ಒಂದು ಕಟ್ಟುಪಾಡು: ದಿನಾ ನಾಲ್ಕಕ್ಕೆ ಮನೆಯ ಫೋನಿನಿಂದ ಒಂದು ಮಿಸ್ಡ್ ಕಾಲ್. ಬಂದರೆ ಅಮ್ಮ ಚೆನ್ನಾಗಿದ್ದಾರೆ. ಬರದಿದ್ದರೆ ಪ್ರಭಾ ಓಡಬೇಕು.

ನಾಲ್ಕರೊಳಗೆ ಮುಗಿಸುತ್ತೇನೆಂಬ ಧೈರ್ಯದ ಮೇಲೆ ಅವಳು ಅಮ್ಮನಿಗೆ ಏನೂ ಹೇಳಿರಲಿಲ್ಲ. ಎರಡೂವರೆಗೆ ಕೂತಳು. ಮೂರಕ್ಕೆ ಯಾರೋ ಹುಡುಗ, "ಆಂಟಿ, ನನ್ ಪ್ರಾಜೆಕ್ಟ್ ಆಯ್ತಾ?" ಎಂದು ಫೋನ್ ಮಾಡಿದ. ನೆಟ್ ಕಟ್. ಮತ್ತೆ ಶುರು ಮಾಡಿ ಎರಡನೇ ಪುಟಕ್ಕೆ ಬಂದಾಗ ಇನ್ನೊಬ್ಬ. ಮೂರನೇ ಸಲ ಡಯಲ್ ಮಾಡಿದಳು, ನಾನು ಪಕ್ಕದಲ್ಲೇ ನಿಂತಿದ್ದೆ.

"ನೀನು ಹೋಗು ಸೀತಾ, ಅಂಗಡಿ ತುಂಬಿದೆ ನೋಡು," ಅಂದಳು. ಹೋದೆ. ಒಬ್ಬ ಹುಡುಗ ಮುನ್ನೂರು ಪುಟದ ಪುಸ್ತಕ ಹಿಡಿದು ನಿಂತಿದ್ದ. ಮೆಷಿನ್ನಿನ ಸದ್ದಿನಲ್ಲಿ ಲೋಕವೇ ಮರೆತೆ.

ಪ್ಲೈವುಡ್ಡಿನ ಆಚೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ನಾಲ್ಕಾಗುವಾಗ ಮೂರನೇ ಪುಟದಲ್ಲಿದ್ದಳು. ಅಮ್ಮ ಈಗ ರಿಂಗ್ ಕೊಡುತ್ತಾರೆ, ಎಲ್ಲ ಹಾಳಾಗುತ್ತದೆ ಎಂದು ಉಸಿರು ಬಿಗಿಹಿಡಿದು ಕೂತಳು. ರಿಂಗ್ ಬರಲಿಲ್ಲ. ಐದು ನಿಮಿಷ ದೇವರಿಗೆ ಕೈ ಮುಗಿದಳು. ಹತ್ತು ನಿಮಿಷವಾಯಿತು. ಆಗಲೂ ಬರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಪುಟ ಮುಗಿದು ಅವಳ ಫೋಟೋ ಹೋಗುತ್ತಿತ್ತು. ಹಸಿರು ಪಟ್ಟಿ ಅರ್ಧ ದಾಟಿತ್ತು. ಕಣ್ಣ ಮುಂದೆ ಮಾತ್ರ ಅಡುಗೆಮನೆಯ ನೆಲ.

ನನ್ನ ಅಂಗಡಿಯಲ್ಲಿದ್ದ ಯಾವ ಹುಡುಗನ ಮೊಬೈಲಾದರೂ ಇಸಿದುಕೊಳ್ಳಬಹುದಿತ್ತು. ನನ್ನನ್ನೊಂದು ಮಾತು ಕೂಗಬಹುದಿತ್ತು. ಕೇಳಬೇಕಲ್ಲ ಅವಳು. ಎದ್ದು ಕೇಬಲ್ ಕಿತ್ತಳು.

ಪುಸ್ತಕ ಮುಗಿಸಿ ನಾನು ಅಲ್ಲಿಗೆ ಬಂದಾಗ ಫೋನ್ ಅವಳ ಕಿವಿಯಲ್ಲಿತ್ತು. ಅಣ್ಣಮ್ಮನವರದು ಮೊದಲೇ ಗಟ್ಟಿ ಗಂಟಲು, ನನಗೂ ಕೇಳಿಸಿತು.

"ಯಾಕೇ ಫೋನ್ ಮಾಡ್ದೆ? ಅರ್ಜಿ ಹೋಯ್ತಾ? ನಾನು ಫೋನ್ ಮುಟ್ಟೇ ಇಲ್ಲ ಕಣೇ. ಐದು ಗಂಟೆವರ್ಗೂ ರಿಂಗ್ ಕೊಡ್ಬೇಡಿ, ಕೊಟ್ರೆ ಕಟ್ಟಾಗತ್ತೆ ಅಂತ ಬೆಳಿಗ್ಗೇನೇ ಸೀತಾ ಹೇಳಿದ್ಲಲ್ಲ. ನಿಂಗೆ ಹೇಳ್ಲಿಲ್ವಾ?"

ಹೌದು. ಅವಳು ಮೊಬೈಲಿನಿಂದಲೇ ಅರ್ಜಿ ಹಾಕಬೇಕೆಂದು ಗೊತ್ತಿದ್ದರಿಂದ, ಬೆಳಿಗ್ಗೆ ಮನೆಯಿಂದ ಹೊರಡುವ ಮುಂಚೆ ನಾನೇ ಅಣ್ಣಮ್ಮನವರಿಗೆ ಫೋನ್ ಮಾಡಿದ್ದೆ. ಜಾಣೆ ಅಂದುಕೊಂಡಿದ್ದೆ ನನ್ನನ್ನು ನಾನೇ. ಪ್ರಭಾಳಿಗೆ ಹೇಳುವುದೊಂದನ್ನು ಮರೆತಿದ್ದೆ.

ಪ್ರಭಾ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಆಯ್ತಮ್ಮ, ಇಡ್ತೀನಿ," ಎಂದು ಫೋನನ್ನು ಮತ್ತೆ ಸರಳಿಗೆ ಕಟ್ಟಿದಳು. ನಾಲ್ಕೂ ಇಪ್ಪತ್ತೆಂಟು. ಡಯಲ್ ಆಯಿತು, ಮೊದಲನೇ ಪುಟ ಬಂತು. ನಾನು ಪಕ್ಕದಲ್ಲಿ ನಿಂತು ಅವಳ ಸರ್ಟಿಫಿಕೇಟಿನ ನಂಬರುಗಳನ್ನು ಓದಿ ಹೇಳಿದೆ. ಎರಡನೇ ಪುಟಕ್ಕೆ ನಾಲ್ಕೂ ನಲವತ್ತೈದು. ಮೂರನೆಯದು ಬರುವಾಗ ಐದಕ್ಕೆ ಎರಡು ನಿಮಿಷ. ತುಂಬಿ ಒತ್ತಿದಳು. ಗಡಿಯಾರದ ಗುರುತು ತಿರುಗಿತು, ತಿರುಗಿತು, ಅರ್ಜಿಯ ಅವಧಿ ಮುಗಿದಿದೆ ಎಂಬ ಒಂದು ಸಾಲು ಬಂತು.

ಅವಳು ಕಂಪ್ಯೂಟರ್ ಆರಿಸಿ, ಕೇಬಲ್ಲನ್ನು ನೀಟಾಗಿ ಸುತ್ತಿ ಡ್ರಾಯರಿನಲ್ಲಿಟ್ಟಳು. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ಅಮ್ಮಂಗೆ ಅರ್ಜಿ ಹೋಯ್ತು ಅಂತ ಹೇಳ್ತೀನಿ. ಕೇಳಿದ್ರೆ ನೀನೂ ಹಾಗೇ ಹೇಳು. ತನ್ನಿಂದ ಕೆಲ್ಸ ತಪ್ಪೋಯ್ತು ಅಂತ ಗೊತ್ತಾದ್ರೆ ಊಟ ಬಿಡ್ತಾರೆ."

"ಅವರಿಂದ ಅಲ್ವಲ್ಲ ಪ್ರಭಾ," ಅಂದೆ.

"ಅದೂ ಗೊತ್ತು," ಅಂದಳು.

ಮಾರನೆಯ ದಿನ ಬೆಳಿಗ್ಗೆ ನನ್ನ ಮನೆಗೆ ಅಣ್ಣಮ್ಮನವರ ಫೋನ್ ಬಂತು.

"ಅರ್ಜಿ ಹೋಯ್ತಂತೆ ಕಣಮ್ಮ. ನೀನು ಹೇಳ್ದೇ ಇದ್ದಿದ್ರೆ ನಾನು ರಿಂಗ್ ಕೊಟ್ಟು ಅವಳ ಕೆಲ್ಸ ಕೆಡಿಸ್ಬಿಡ್ತಿದ್ದೆ. ನಿನ್ ಹೊಟ್ಟೆ ತಣ್ಣಗಿರ್ಲಿ."

"ಇರ್ಲಿ ಬಿಡಿ ಅಮ್ಮ," ಅಂದೆ.